ಅಣ್ಣನ ಟೈಗಳು

ಧರ್ಮ, ಸಾಹಿತ್ಯ, ಹಸ್ತಪ್ರತಿಗಳ ವಿಷಯವಾಗಿ ಈ ಪುಟಗಳಲ್ಲಿ ಬರೆಯುತ್ತ ಬಂದ ನಾವು ಈ ಸಲ ಟೈಗಳ ವಿಷಯವಾಗಿ ಬರೆಯುತ್ತಿರುವುದನ್ನು ಕಂಡು ಓದುಗ ಬಂಧುಗಳಲ್ಲಿ ಕೆಲವರಿಗೆ ಆಶ್ಚರ್ಯವಾದೀತು, ಕೆಲವರಿಗೆ ನಗುವೂ ಬಂದೀತು. ಕೊರಳಿಗೆ ಒಮ್ಮೆಯೂ ಟೈ ಕಟ್ಟಿಕೊಂಡವರಲ್ಲ ನಾವು. ಹನ್ನೊಂದನೆಯ ವಯಸ್ಸಿನಲ್ಲಿ ಮಠದ ಪಾಠಶಾಲೆಯನ್ನು ಸೇರಿದಂದಿನಿಂದ ಧೋತರ, ನಿಲುವಂಗಿ, ಹೆಗಲ ಮೇಲೊಂದು ವಸ್ತ್ರ, ಇಷ್ಟೇ ನಮ್ಮ ಉಡುಗೆ. ಆದರೂ 2023ರ ಬೇಸಗೆಯ ಎರಡು ತಿಂಗಳು ನಾವು ಅಮೆರಿಕೆಯ ಕನೆಕ್ಟಿಕಟ್ ರಾಜ್ಯದ ಒಂದು ಮನೆಯಲ್ಲಿ ಕುಳಿತು ಮುನ್ನೂರ ಹನ್ನೆರಡು ಟೈಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿದೆವು. ಅವು ನಮ್ಮ ಅಣ್ಣನವು. ಅಣ್ಣ 2022ರ ಜನವರಿಯಲ್ಲಿ ಅಲ್ಲಿಯೇ ಲಿಂಗೈಕ್ಯನಾದ.

ಮುಂದಿನದಕ್ಕೆ ಹೋಗುವ ಮುನ್ನ ಹಳೆಯದೊಂದನ್ನು ಹೇಳಬೇಕು. ಇದನ್ನು ಬರೆಯುವಾಗ ನಮ್ಮ ಕೈ ತುಸು ಹಿಂಜರಿಯುತ್ತದೆ, ಆದರೆ ಇದನ್ನು ಬಿಟ್ಟರೆ ಉಳಿದದ್ದಕ್ಕೆ ಅರ್ಥವಿಲ್ಲ. ನಮ್ಮ ತಂದೆಯವರು ಧಾರವಾಡದ ಹತ್ತಿರದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ಇಬ್ಬರು ಮಕ್ಕಳಲ್ಲಿ ಹಿರಿಯವನನ್ನು ಎಂಜಿನಿಯರಿಂಗ್ ಓದಿಸಿದರು, ಕಿರಿಯನಾದ ನಮ್ಮನ್ನು ಮಠಕ್ಕೆ ಒಪ್ಪಿಸಿದರು. ಅಣ್ಣ 1972ರಲ್ಲಿ ಹೆಚ್ಚಿನ ಓದಿಗೆಂದು ಅಮೆರಿಕೆಗೆ ಹೋದ. ಆಗ ನಾವು ಪಾಠಶಾಲೆಯಲ್ಲಿದ್ದೆವು. ಪರೀಕ್ಷೆಯ ದಿನಗಳಾದ್ದರಿಂದ ಅವನನ್ನು ಬೀಳ್ಕೊಡಲೂ ಬರಲಾಗಲಿಲ್ಲ. 1981ರಲ್ಲಿ ತಂದೆಯವರು ತೀರಿಕೊಂಡರು. ತಂತಿ ಮುಟ್ಟಿ, ರಜೆ ದೊರೆತು, ವಿಮಾನ ಹಿಡಿದು, ಮುಂಬಯಿಯಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಅಣ್ಣ ಊರು ಮುಟ್ಟುವಷ್ಟರಲ್ಲಿ ಸಮಾಧಿಯಾಗಿ ಐದು ದಿನ ಕಳೆದಿದ್ದವು. ಅವನು ಮನೆಗೂ ಹೋಗದೆ ನೇರವಾಗಿ ಹೊಲಕ್ಕೆ ಬಂದ. ಮೈಮೇಲೆ ಸುಕ್ಕಾದ ಕೋಟು, ಕೊರಳಲ್ಲಿ ಟೈ. ನಮಗೆ ಆಗ ಇಪ್ಪತ್ತೆರಡು ವರ್ಷ. ಮಠದಲ್ಲಿ ಕಲಿತ ವೈರಾಗ್ಯದ ಮಾತುಗಳು ನಾಲಗೆಯ ತುದಿಯಲ್ಲಿಯೇ ಇದ್ದವು, ಅವು ಎದೆಗೆ ಇಳಿದಿರಲಿಲ್ಲ. ನಾಲ್ಕು ಜನ ಕೇಳುವಂತೆ ನಾವು ಅಂದುಬಿಟ್ಟೆವು: "ಅಪ್ಪನ ಮುಂದ ಆ ನೇಣು ಕಟಗೊಂಡು ನಿಂದರಬ್ಯಾಡ." ಅಣ್ಣ ಏನೂ ಅನ್ನಲಿಲ್ಲ. ಟೈಯನ್ನು ಸಡಿಲಿಸಿ, ತಲೆಯ ಮೇಲಿನಿಂದ ತೆಗೆದು, ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡ. ಆಮೇಲೆ ಊರಿಗೆ ಬಂದಾಗಲೆಲ್ಲ ಅವನ ಕೊರಳು ಬರಿದಾಗಿಯೇ ಇರುತ್ತಿತ್ತು. ನಲವತ್ತು ವರ್ಷ ನಾವಿಬ್ಬರೂ ಹೊಲ, ಮಳೆ, ಮಕ್ಕಳ ಮದುವೆ, ಮಂಡಿನೋವು ಎಲ್ಲವನ್ನೂ ಮಾತನಾಡಿದೆವು, ಅದೊಂದನ್ನು ಬಿಟ್ಟು.

ಅತ್ತಿಗೆಯವರು ನಮ್ಮನ್ನು ಕರೆಸಿಕೊಂಡದ್ದು ಅಣ್ಣನ ಪುಸ್ತಕಗಳಿಗಾಗಿ. "ಕನ್ನಡ ಪುಸ್ತಕ ಭಾಳ ಅದಾವ, ನೀವು ಬಂದು ನೋಡಿ ಆರಿಸಿಕೊಳ್ರಿ" ಎಂದು ಅಣ್ಣನ ಮಗನ ಕೈಯಿಂದ ಪೋನು ಮಾಡಿಸಿದರು. ಪುಸ್ತಕಗಳ ಕೆಲಸ ನಾಲ್ಕು ದಿನದಲ್ಲಿ ಮುಗಿಯಿತು. ಐದನೆಯ ದಿನ ಅವರು ಮಹಡಿಯ ಮೇಲಿನ ಕೋಣೆಯೊಂದರ ಬಾಗಿಲು ತೆಗೆದರು. ಗೋಡೆಗೆ ಹೊಂದಿಸಿದ ಮರದ ಸರಳುಗಳ ಮೇಲೆ ಸಾಲುಸಾಲಾಗಿ ಟೈಗಳು ಇಳಿಬಿದ್ದಿದ್ದವು. ಒಂದು ಮೂಲೆಯಲ್ಲಿ ಹತ್ತು ಹನ್ನೆರಡು ಹಳೆಯ ಕೋಟುಗಳು. ಮೇಜಿನ ಮೇಲೆ ಎರಡು ದಪ್ಪ ನೋಟುಬುಕ್ಕುಗಳು. ನಮ್ಮ ಮೊದಲ ಭಾವನೆಯನ್ನು ಮುಚ್ಚಿಡದೆ ಹೇಳುವುದಾದರೆ, ಅದು ಬೇಸರ. ಇಷ್ಟು ಓದಿದವನು, ಇಷ್ಟು ವಿಚಾರವಂತನು, ಕೊರಳಿಗೆ ಕಟ್ಟುವ ಚಿಂದಿಗಾಗಿ ಒಂದು ಕೋಣೆಯನ್ನೇ ಮೀಸಲಿಟ್ಟನಲ್ಲ ಎಂದು.

ನೋಟುಬುಕ್ಕನ್ನು ತೆರೆದ ಮೇಲೆ ಆ ಬೇಸರ ಹೆಚ್ಚು ಹೊತ್ತು ಉಳಿಯಲಿಲ್ಲ. ನಾವು ನಮ್ಮ ಆಯುಷ್ಯದ ಬಹುಭಾಗವನ್ನು ಓಲೆಗರಿಗಳ ಪಟ್ಟಿ ಮಾಡುವುದರಲ್ಲಿ ಕಳೆದವರು. ಕ್ರಮಸಂಖ್ಯೆ, ಗರಿಗಳ ಉದ್ದಗಲ, ಪಂಕ್ತಿಗಳ ಎಣಿಕೆ, ಲಿಪಿಯ ಲಕ್ಷಣ, ದೊರೆತ ಸ್ಥಳ, ಸ್ಥಿತಿ, ಹುಳ ತಿಂದದ್ದೆಷ್ಟು, ಹೀಗೆ. ಅಣ್ಣನ ಪುಸ್ತಕದಲ್ಲಿ ಅದೇ ಕ್ರಮ! ಕ್ರಮಸಂಖ್ಯೆ, ಉದ್ದ, ಅಗಲ, ಬಟ್ಟೆ, ನೇಯ್ಗೆ, ಹೊಲಿಗೆ, ಒಳಗಿನ ಚೀಟಿಯ ಮೇಲಿನ ಬರಹ, ದೊರೆತ ಸ್ಥಳ, ಕೊಟ್ಟ ಬೆಲೆ, ಸ್ಥಿತಿ. ಕೊನೆಗೊಂದು ಅಂಕಣ, ಅದು ಯಾವ ಕಾಲದ್ದೆಂಬ ಊಹೆ, ಆ ಊಹೆಗೆ ಕಾರಣ. ನಾವು ಪರಸ್ಪರ ಹೇಳಿಕೊಳ್ಳದೆ ಅಣ್ಣತಮ್ಮಂದಿರಿಬ್ಬರೂ ಒಂದೇ ಕೆಲಸವನ್ನು ಮಾಡುತ್ತಿದ್ದೆವೇ ಎಂದು ನಾವು ಬಹಳ ಹೊತ್ತು ಆ ಪುಟವನ್ನೇ ನೋಡುತ್ತ ಕುಳಿತೆವು.

ಕಾಲನಿರ್ಣಯದ ಆ ಅಂಕಣವೇ ನಮ್ಮನ್ನು ಹಿಡಿದು ನಿಲ್ಲಿಸಿದ್ದು. ಓಲೆಪ್ರತಿಗೆ ಪುಷ್ಪಿಕೆಯಿದ್ದರೆ ಲಿಪಿಕಾರನೇ ಸಂವತ್ಸರವನ್ನು ಹೇಳಿರುತ್ತಾನೆ. ಇಲ್ಲವಾದರೆ ಅಕ್ಷರದ ತಿರುವುಗಳನ್ನು ನೋಡಿ ಊಹಿಸಬೇಕು. ಉಡುಪಿಗೂ ಇದೇ ನ್ಯಾಯ. ಅಮೆರಿಕೆಯ ಹೊಲಿಗೆ ಕೆಲಸಗಾರರ ದೊಡ್ಡ ಸಂಘವೊಂದು, ಅಮಾಲ್ಗಮೇಟೆಡ್ ಕ್ಲೋದಿಂಗ್ ವರ್ಕರ್ಸ್ ಎಂಬುದು, 1914ರಲ್ಲಿ ಹುಟ್ಟಿತು. ಸಂಘದ ಸದಸ್ಯರು ಹೊಲಿದ ಕೋಟಿನ ಒಳಜೇಬಿನಲ್ಲಿ ಸಂಘದ ಚೀಟಿಯಿರುತ್ತಿತ್ತು. ಆ ಚೀಟಿಯ ವಿನ್ಯಾಸ ಕಾಲಕಾಲಕ್ಕೆ ಬದಲಾಯಿತು. 1949ರದ್ದು ಒಂದು ಬಗೆ, 1962ರದ್ದು ಇನ್ನೊಂದು. 1976ರಲ್ಲಿ ಸಂಘ ಇನ್ನೊಂದರೊಡನೆ ಕೂಡಿಕೊಂಡದ್ದರಿಂದ ಹಳೆಯ ಹೆಸರಿನ ಚೀಟಿ ಅದಕ್ಕೂ ಹಿಂದಿನದೇ ಆಗಬೇಕು. ಬಟ್ಟೆಯಲ್ಲಿ ರೇಶಿಮೆಯಂಥ ನೂಲು ಎಷ್ಟು ಎಂದು ಶೇಕಡಾವಾರು ಬರೆಯಬೇಕೆಂಬ ಶಾಸನ 1958ರಲ್ಲಿ ಆಗಿ 1960ರಿಂದ ಜಾರಿಗೆ ಬಂದಿತು. ಆ ಅಂಕಿ ಇಲ್ಲದ ಟೈ ಬಹುಶಃ ಅದಕ್ಕಿಂತ ಹಳೆಯದು. ಹೇಗೆ ಒಗೆಯಬೇಕೆಂಬ ಸೂಚನೆಯನ್ನು ಉಡುಪಿಗೆ ಹೊಲಿಯಬೇಕೆಂಬ ನಿಯಮ ಜಾರಿಗೆ ಬಂದದ್ದು 1972ರಲ್ಲಿ, ಅಂದರೆ ಅಣ್ಣ ಆ ನೆಲಕ್ಕೆ ಕಾಲಿಟ್ಟ ವರ್ಷವೇ. ಆ ನಿಯಮ ಅಂಗಿ ಕೋಟುಗಳಿಗೆ ಮಾತ್ರ, ಟೈಗಳಿಗೆ ವಿನಾಯಿತಿ. ಇದನ್ನೂ ಅವನು ಅಂಚಿನಲ್ಲಿ ಗುರುತು ಮಾಡಿದ್ದ. ಚೀಟಿಯೇ ಹರಿದುಹೋಗಿದ್ದರೆ ಅಗಲವನ್ನು ನೋಡಬೇಕು. 1940ರ ದಶಕದ ಟೈಗಳು ನಾಲ್ಕು ಬೆರಳಿಗೂ ಮಿಗಿಲಾದ ಅಗಲ, ಉದ್ದ ಮಾತ್ರ ಮೋಟು. ಆ ಕಾಲದಲ್ಲಿ ಗಂಡಸರು ಪ್ಯಾಂಟನ್ನು ಹೊಕ್ಕುಳಿನ ಮೇಲಕ್ಕೆ ಏರಿಸಿ ತೊಡುತ್ತಿದ್ದರಾದ್ದರಿಂದ ಅಷ್ಟೇ ಸಾಕಾಗುತ್ತಿತ್ತು. 1960ರ ಹೊತ್ತಿಗೆ ಅಗಲ ಎರಡು ಇಂಚಿಗೆ ಇಳಿಯಿತು. ಅದು ಮತ್ತೆ ಹಿಗ್ಗಿದ ಕಥೆಯೂ ನೋಟುಬುಕ್ಕಿನಲ್ಲಿತ್ತು: ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ 1939ರಲ್ಲಿ ಹುಟ್ಟಿದ ರಾಲ್ಫ್ ಲಾರೆನ್ ಎಂಬ ಯುವಕ 1967ರಲ್ಲಿ ಎಂಪೈರ್ ಸ್ಟೇಟ್ ಕಟ್ಟಡದಲ್ಲಿ ಒಂದು ಡ್ರಾಯರಿನಷ್ಟು ಜಾಗ ಹಿಡಿದು ನಾಲ್ಕಿಂಚಿನ ಟೈಗಳನ್ನು ಮಾರಲಾರಂಭಿಸಿದ. ದೊಡ್ಡ ಅಂಗಡಿಯೊಂದು, ಅಗಲವನ್ನು ಕಿರಿದುಮಾಡು, ನಿನ್ನ ಹೆಸರನ್ನು ತೆಗೆ, ಕೊಳ್ಳುತ್ತೇವೆ ಎಂದಿತಂತೆ. ಅವನು ಒಪ್ಪಲಿಲ್ಲ, ಕೊನೆಗೆ ಅಂಗಡಿಯೇ ಒಪ್ಪಿತು.

ಒಂದು ಟೈಯನ್ನು ಬಿಚ್ಚಿ ತೋರಿಸೆಂದು ಅಣ್ಣನ ಮಗನನ್ನು ಕೇಳಿದೆವು. ಹರಿದುಹೋದ ಒಂದನ್ನು ಅಣ್ಣ ಇದಕ್ಕೆಂದೇ ಇಟ್ಟಿದ್ದನಂತೆ. ಹೊರಗೆ ರೇಶಿಮೆ, ಒಳಗೆ ಉಣ್ಣೆಯ ಪದರ, ತುದಿಗಳಲ್ಲಿ ಅಸ್ತರ. ಹಾಸು ಹೊಕ್ಕುಗಳಿಗೆ ನಲವತ್ತೈದು ಅಂಶದ ಓರೆಯಲ್ಲಿ ಬಟ್ಟೆಯನ್ನು ಕತ್ತರಿಸಿ ಮೂರು ತುಂಡುಗಳಾಗಿ ಜೋಡಿಸುವ ಕ್ರಮಕ್ಕೆ ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಎಂಬಾತ 1920ರ ದಶಕದಲ್ಲಿ ಪೇಟೆಂಟ್ ಪಡೆದ. ಅಲ್ಲಿಯವರೆಗೆ ಟೈ ಒಮ್ಮೆ ಕಟ್ಟಿದರೆ ಸುಕ್ಕಾಗಿ, ಎಳೆದರೆ ಹರಿಯುತ್ತಿತ್ತು. ಓರೆ ಕತ್ತರಿಕೆಯಲ್ಲಿ ಬಟ್ಟೆ ಹಿಗ್ಗುತ್ತದೆ, ಬಿಟ್ಟರೆ ಮತ್ತೆ ಮೊದಲಿನಂತಾಗುತ್ತದೆ. ಬೆನ್ನ ಹಿಂದೆ ಉದ್ದಕ್ಕೂ ಒಂದೇ ದಾರದ ಸಡಿಲ ಹೊಲಿಗೆ. ಅದರ ತುದಿಯನ್ನು ಬಿಗಿಯದೆ ಸ್ವಲ್ಪ ದಾರವನ್ನು ಒಳಗೆ ಬಿಟ್ಟಿರುತ್ತಾರೆ, ಎಳೆದಾಗ ಬಟ್ಟೆ ಆ ದಾರದ ಮೇಲೆ ಸರಿಯಲಿ ಎಂದು. ಒಳ್ಳೆಯ ಟೈಯನ್ನು ಗುರುತಿಸುವ ಪರೀಕ್ಷೆ ಸುಲಭ. ಸಣ್ಣ ತುದಿಯನ್ನು ಹಿಡಿದು ಇಳಿಬಿಡಬೇಕು. ನೆಟ್ಟಗೆ ತೂಗಿದರೆ ಕತ್ತರಿಕೆ ಸರಿ, ತಿರುಚಿಕೊಂಡರೆ ಕತ್ತರಿಸಿದವನು ಬಟ್ಟೆ ಉಳಿಸಲು ಹೋಗಿದ್ದಾನೆ. ಮುನ್ನೂರನ್ನೂ ನಾವು ಹಾಗೆ ತೂಗಿ ನೋಡಿದೆವು! ಅತ್ತಿಗೆಯವರು ಬಾಗಿಲಲ್ಲಿ ನಿಂತು, "ಅಣ್ಣಗ ತಕ್ಕ ತಮ್ಮ" ಎಂದು ನಕ್ಕರು. ಅಣ್ಣ ಹೋದ ಮೇಲೆ ಅವರು ನಕ್ಕದ್ದನ್ನು ನಾವು ಕಂಡದ್ದು ಅದೇ ಮೊದಲು.

ಟೈಯ ಮೂಲ ಸೈನಿಕರದು. ಯೂರೋಪಿನ ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ (1618–48) ಕ್ರೊವೇಷಿಯಾದ ಕೂಲಿ ಸೈನಿಕರು ಕೊರಳಿಗೆ ಸುತ್ತಿಕೊಳ್ಳುತ್ತಿದ್ದ ವಸ್ತ್ರವನ್ನು ಫ್ರಾನ್ಸಿನವರು ಮೆಚ್ಚಿ ಅನುಕರಿಸಿದರು. ಕ್ರವಾಟ್ ಎಂಬ ಪದವೇ ಕ್ರೊವಾಟ್ ಎಂಬುದರ ರೂಪಾಂತರ. ಇಂಗ್ಲೆಂಡಿನಲ್ಲಿ ಪಟ್ಟೆಗಳ ಬಣ್ಣವೇ ಕುಲಗುರುತಾಯಿತು. ಇಂಥ ಪಟ್ಟೆ ಇಂಥ ದಂಡಿನವರದು, ಇಂಥದು ಇಂಥ ಶಾಲೆಯವರದು, ಉಳಿದವರು ಕಟ್ಟಿಕೊಂಡರೆ ಅಪಚಾರ. ಅಮೆರಿಕೆಯವರಿಗೆ ಪಟ್ಟೆ ಬೇಕು, ಕುಲ ಬೇಡ. ನ್ಯೂಯಾರ್ಕಿನಲ್ಲಿ 1818ರಲ್ಲಿ ಆರಂಭವಾದ ಬ್ರೂಕ್ಸ್ ಬ್ರದರ್ಸ್ ಎಂಬ ಅಂಗಡಿಯವರು ಒಂದು ಉಪಾಯ ಮಾಡಿದರು. ಬ್ರಿಟಿಷ್ ಪಟ್ಟೆ ತೊಟ್ಟವನ ಎಡಹೆಗಲಿನಿಂದ ಬಲಕ್ಕೆ ಇಳಿಯುತ್ತದೆ. ಇವರು ಅದನ್ನು ತಿರುಗಿಸಿ ಬಲಹೆಗಲಿನಿಂದ ಎಡಕ್ಕೆ ಇಳಿಸಿದರು. ಅಷ್ಟಾದ ಮೇಲೆ ಯಾರು ಬೇಕಾದರೂ ಕಟ್ಟಬಹುದು, ಯಾರೂ ನೀನು ಯಾವ ದಂಡಿನವನು ಎಂದು ಕೇಳುವಂತಿಲ್ಲ. ಅಣ್ಣನ ಸಂಗ್ರಹದಲ್ಲಿ ಈ ಪಟ್ಟೆಯವು ಎಲ್ಲಕ್ಕಿಂತ ಹೆಚ್ಚು, ತೊಂಬತ್ತಕ್ಕೂ ಮಿಗಿಲು. ಅದಕ್ಕೆ ಕಾರಣವನ್ನು ಅವನು ಬರೆದಿಲ್ಲ. ನಾವು ಊಹಿಸಬಲ್ಲೆವು.

ಅದೇ ಅಂಗಡಿಯವರು 1896ರಲ್ಲಿ ಕಾಲರಿನ ಎರಡು ಮೂಲೆಗೂ ಗುಂಡಿಯಿರುವ ಅಂಗಿಯನ್ನು ತಂದರು. ಇಂಗ್ಲೆಂಡಿನ ಪೋಲೋ ಆಟಗಾರರು ಗಾಳಿಗೆ ಕಾಲರು ಮುಖಕ್ಕೆ ಬಡಿಯದಿರಲೆಂದು ಗುಂಡಿ ಹಾಕಿಕೊಂಡಿದ್ದನ್ನು ಕಂಡು ಮಾಡಿದ್ದಂತೆ. 1865ರಲ್ಲಿ ಗುಂಡೇಟು ತಗಲಿದ ರಾತ್ರಿ ಅಬ್ರಹಾಂ ಲಿಂಕನ್ ತೊಟ್ಟಿದ್ದ ಕೋಟೂ ಅಲ್ಲಿಯದೇ. ಅದರ ಅಸ್ತರದಲ್ಲಿ ಹದ್ದಿನ ಕಸೂತಿಯಿತ್ತು. ಇಷ್ಟು ಹಳೆಯ ಅಂಗಡಿ 2020ರ ಜುಲೈಯಲ್ಲಿ ದಿವಾಳಿ ಅರ್ಜಿ ಹಾಕಿತು, ನ್ಯೂಯಾರ್ಕಿನಲ್ಲಿದ್ದ ಅದರ ಟೈ ಕಾರ್ಖಾನೆ ಅದೇ ವರ್ಷ ಮುಚ್ಚಿತು. ಟೈ ತಯಾರಕರ ಸಂಘವಂತೂ 2008ರಲ್ಲಿಯೇ ಬಾಗಿಲು ಹಾಕಿಕೊಂಡಿತ್ತು. ಇವನ್ನೆಲ್ಲ ವೃತ್ತಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ್ದ ಅಣ್ಣ, ಕಾರ್ಖಾನೆಯ ಸುದ್ದಿಯ ಕೆಳಗೆ ಬರೆದದ್ದು ಒಂದೇ ಮಾತು: ಕೈಗಳು ಎಲ್ಲಿಗೆ ಹೋದವು?

ಅವನ ವಾಸವಿದ್ದದ್ದು ನ್ಯೂ ಹೇವನ್ ನಗರದ ಹತ್ತಿರ. ಯೇಲ್ ವಿಶ್ವವಿದ್ಯಾಲಯ ಇರುವ ಊರದು. ಆ ಹೆಸರಿನ ಹಿಂದೆ ನಮ್ಮ ದಕ್ಷಿಣದೇಶದ ನಂಟಿದೆ. ಎಲಿಹು ಯೇಲ್ ಎಂಬಾತ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿ, 1687ರಿಂದ 1692ರವರೆಗೆ ಅಲ್ಲಿಯ ಮುಖ್ಯಸ್ಥನಾಗಿದ್ದವನು. ಅಲ್ಲಿ ಅವನು ಹಣ ಗಳಿಸಿದ ರೀತಿ ಹೊಗಳತಕ್ಕದ್ದಲ್ಲ. 1718ರಲ್ಲಿ ಅವನು ಕನೆಕ್ಟಿಕಟ್ಟಿನ ಒಂದು ಬಡ ಕಾಲೇಜಿಗೆ ಪುಸ್ತಕಗಳನ್ನೂ ಒಂಬತ್ತು ಮೂಟೆ ಸರಕನ್ನೂ ಕಳಿಸಿದ. ಸರಕಿನಲ್ಲಿ ಬಟ್ಟೆಯೂ ಇತ್ತು. ಅದನ್ನು ಮಾರಿ ಬಂದ 562 ಪೌಂಡುಗಳಿಗಾಗಿ ಕಾಲೇಜಿಗೆ ಅವನ ಹೆಸರಾಯಿತು. ಅದೇ ವಿದ್ಯಾರ್ಥಿಗಳಿಗೆ ಉಡುಪು ಹೊಲಿಯಲು ಲಾಟ್ವಿಯಾದಿಂದ ವಲಸೆ ಬಂದ ಜಾಕೋಬಿ ಪ್ರೆಸ್ 1902ರಲ್ಲಿ ಅಂಗಡಿ ಹಾಕಿದ. ಜೆ. ಪ್ರೆಸ್ ಎಂಬ ಆ ಹೆಸರು 1986ರಲ್ಲಿ ಜಪಾನಿನ ಸಂಸ್ಥೆಯೊಂದರ ಪಾಲಾಯಿತು. ಜಪಾನಿನವರಿಗೆ ಈ ಉಡುಪಿನ ಮೇಲೆ ಎಷ್ಟು ಪ್ರೀತಿಯೆಂದರೆ, 1965ರಲ್ಲಿಯೇ ಅವರು ಅಮೆರಿಕೆಯ ಕಾಲೇಜುಗಳಿಗೆ ಹೋಗಿ ವಿದ್ಯಾರ್ಥಿಗಳ ಬಟ್ಟೆಗಳ ಚಿತ್ರ ತೆಗೆದು 'ಟೇಕ್ ಐವಿ' ಎಂಬ ಗ್ರಂಥವನ್ನು ಮಾಡಿದರು. ಅಮೆರಿಕನ್ನರು ಮರೆತ ತಮ್ಮ ಉಡುಗೆಯನ್ನು 2010ರಲ್ಲಿ ಅದರ ಇಂಗ್ಲಿಷ್ ಆವೃತ್ತಿಯಲ್ಲಿ ಮತ್ತೆ ನೋಡಿಕೊಂಡರು. ಹಳೆಯದನ್ನು ಕಾಪಾಡುವ ಕೆಲಸ ಅನೇಕ ವೇಳೆ ಹೊರಗಿನವನ ಪಾಲಿಗೆ ಬರುತ್ತದೆ. ಧಾರವಾಡದ ಹುಡುಗ ಕನೆಕ್ಟಿಕಟ್ಟಿನ ಟೈಗಳನ್ನು ಕಾದಿಟ್ಟದ್ದೂ ಅದೇ ಬಗೆ.

ಇಲ್ಲಿ ನಮ್ಮೊಳಗಿನ ಪದಶಾಸ್ತ್ರಿಗೆ ಸುಮ್ಮನಿರಲಾಗುತ್ತಿಲ್ಲ, ಓದುಗರು ಕ್ಷಮಿಸಬೇಕು. ಅಚ್ಚ ಅಮೆರಿಕನ್ ಎಂದು ಅವರು ತಿಳಿದಿರುವ ಈ ಉಡುಪುಗಳ ಹೆಸರುಗಳನ್ನು ಕೇಳಿರಿ. ದಕ್ಷಿಣದ ರಾಜ್ಯಗಳವರು ಬೇಸಗೆಯಲ್ಲಿ ತೊಡುವ ಸುಕ್ಕುಪಟ್ಟೆಯ ಬಟ್ಟೆ ಸೀರ್‌ಸಕ್ಕರ್. ಅದರಿಂದ ಸೂಟು ಹೊಲಿದು ಮಾರಿದವನು ನ್ಯೂ ಆರ್ಲಿಯನ್ಸಿನ ಜೋಸೆಫ್ ಹ್ಯಾಸ್ಪೆಲ್, 1909ರಲ್ಲಿ. ಆ ಪದ ಪಾರಸಿಯ ಶೀರ್-ಓ-ಶಕ್ಕರ್, ಹಾಲು ಸಕ್ಕರೆ, ನಮ್ಮ ಕ್ಷೀರ ಶರ್ಕರೆಗಳ ಬಂಧು. ನುಣುಪು ಪಟ್ಟೆ ಹಾಲು, ಒರಟು ಪಟ್ಟೆ ಸಕ್ಕರೆ. ಖಾಕಿ ನಮ್ಮದೇ ದೇಶದ ಧೂಳಿನ ಬಣ್ಣ. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರು 1944ರ ಶಾಸನದ ನೆರವಿನಿಂದ ಕಾಲೇಜು ಸೇರಿದಾಗ ದಂಡಿನ ಖಾಕಿ ಪ್ಯಾಂಟುಗಳನ್ನೇ ತೊಟ್ಟು ಬಂದರು, ಅದೇ ವಿದ್ಯಾರ್ಥಿಗಳ ಉಡುಪಾಯಿತು. ಡಂಗರಿ ಮುಂಬಯಿಯ ಡೋಂಗ್ರಿಯಿಂದ, ಕಮರ್‌ಬಂಡ್ ಸೊಂಟಪಟ್ಟಿಯಿಂದ, ಬಂಡಾನ ಬಾಂಧನಿಯಿಂದ ಬಂದವು. ಟೈಗಳ ಮೇಲೆ ಅವರು ಪೇಸ್ಲಿ ಎನ್ನುವ ಬಳುಕಿದ ಮಾವಿನಕಾಯಿ ಕಾಶ್ಮೀರದ ಶಾಲಿನದು. ಅದನ್ನು ನಕಲು ಮಾಡಿ ನೇಯ್ದ ಸ್ಕಾಟ್ಲೆಂಡಿನ ಊರಿನ ಹೆಸರು ಅದಕ್ಕೆ ಅಂಟಿತು. ಅಣ್ಣನ ಬಳಿ ಆ ಬಗೆಯವು ಇಪ್ಪತ್ತೇಳು. ಮಂಜಿಷ್ಠದ ಜಾತಿಯ ಬೇರಿನಿಂದ ಬಣ್ಣ ಕಟ್ಟುತ್ತಿದ್ದ ಹಳೆಯ ಕ್ರಮದ ಮಂಕು ಕೆಂಪು, ಮಂಕು ಹಸಿರು ಅವುಗಳಲ್ಲಿತ್ತು.

ಮದರಾಸು ಚೌಕಳಿಯ ಪ್ರಸಂಗವನ್ನಂತೂ ಹೇಳಲೇಬೇಕು. 1958ರಲ್ಲಿ ವಿಲಿಯಂ ಜೇಕಬ್ಸನ್ ಎಂಬ ಅಮೆರಿಕನ್ ವ್ಯಾಪಾರಿ ಮುಂಬಯಿಗೆ ಬಂದು ಕ್ಯಾಪ್ಟನ್ ಸಿ. ಪಿ. ಕೃಷ್ಣನ್ ನಾಯರ್ ಎಂಬ ಕೈಮಗ್ಗದ ಬಟ್ಟೆಯ ರಫ್ತುದಾರರಿಂದ ಮದರಾಸು ಬಟ್ಟೆಯನ್ನು ಕೊಂಡ. ಈ ನಾಯರ್ ಮುಂದೆ ಲೀಲಾ ಹೊಟೇಲುಗಳನ್ನು ಕಟ್ಟಿಸಿದವರು. ಈ ಬಟ್ಟೆಯ ಬಣ್ಣ ಬಿಡುತ್ತದೆ, ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಬೇಕು ಎಂಬ ಎಚ್ಚರಿಕೆಯನ್ನು ಕೊಂಡವನು ಅಂಗಡಿಗೆ ಮುಟ್ಟಿಸಲಿಲ್ಲವಂತೆ. ಬ್ರೂಕ್ಸ್ ಬ್ರದರ್ಸಿನಲ್ಲಿ ಕೋಟು ಕೊಂಡವರು ಯಂತ್ರದಲ್ಲಿ ಒಗೆದರು. ಬಣ್ಣವೆಲ್ಲ ಕಲೆಸಿಹೋಯಿತು, ದೂರುಗಳ ಮಳೆ ಸುರಿಯಿತು. ಬೇರೆಯವರಾದರೆ ಸರಕನ್ನು ಹಿಂದಕ್ಕೆ ಕಳಿಸುತ್ತಿದ್ದರು. ಮಾರುವ ವಿದ್ಯೆ ಬಲ್ಲವರು, ಬಣ್ಣ ಬಿಡುವುದೇ ಇದರ ಗುಣ, ಪ್ರತಿ ಸಲ ಒಗೆದಾಗಲೂ ಹೊಸ ಬಟ್ಟೆಯಾಗುತ್ತದೆ ಎಂದು ಜಾಹೀರಾತು ಕೊಟ್ಟರು. ದೋಷವೇ ಗ್ಯಾರಂಟಿಯಾಯಿತು! ಅಂಥದೊಂದು ಕೋಟು ಅಣ್ಣನ ಮೂಲೆಯಲ್ಲಿತ್ತು. ಅತ್ತಿಗೆಯವರ ಮಾತಿನಲ್ಲಿ ಅದು, "ನಮ್ಮೂರಾಗ ಹಾಸಿಗಿ ಸುತ್ತೂ ಅರಬಿ."

ಇದೆಲ್ಲ ಶ್ರೀಮಂತರ ವಿಲಾಸವಲ್ಲವೇ ಎಂದು ಕೇಳುವವರಿದ್ದಾರೆ. ನಾವೂ ಹಾಗೆಯೇ ತಿಳಿದಿದ್ದೆವು. ಅಣ್ಣನ ಕಪಾಟಿನ ಪುಸ್ತಕಗಳು ಬೇರೆಯದನ್ನೂ ಹೇಳಿದವು. 1943ರ ಜೂನ್‌ನಲ್ಲಿ ಲಾಸ್ ಏಂಜಲಿಸಿನಲ್ಲಿ ನಾವಿಕರು ಮೆಕ್ಸಿಕನ್ ಮೂಲದ ಹುಡುಗರನ್ನು ಬೀದಿಯಲ್ಲಿ ಅಟ್ಟಾಡಿಸಿ ಹೊಡೆದು, ಅವರು ತೊಟ್ಟಿದ್ದ ಜೂಟ್ ಸೂಟುಗಳನ್ನು ಮೈಮೇಲಿಂದ ಕಿತ್ತರು. ಯುದ್ಧಕಾಲದಲ್ಲಿ ಬಟ್ಟೆಗೆ ನಿರ್ಬಂಧವಿರುವಾಗ ಅಷ್ಟು ಸಡಿಲ ಉಡುಪು ದೇಶದ್ರೋಹವೆಂಬುದು ನೆಪ; ಬಡವನ ಮಗ ಅಲಂಕರಿಸಿಕೊಂಡನೆಂಬುದೇ ನಿಜವಾದ ಸಿಟ್ಟು. 1963ರ ಆಗಸ್ಟ್ 28ರಂದು ಸುಮಾರು ಎರಡೂವರೆ ಲಕ್ಷ ಜನ ವಾಷಿಂಗ್ಟನ್ನಿನಲ್ಲಿ ಸಮಾನ ಹಕ್ಕಿಗಾಗಿ ನೆರೆದಾಗ, ಬೇಸಗೆಯ ಬಿಸಿಲಿನಲ್ಲಿಯೂ ಎಷ್ಟೊಂದು ಕರಿಯ ಗಂಡಸರು ಕೋಟು ಟೈ ತೊಟ್ಟಿದ್ದರೆಂಬುದನ್ನು ಚಿತ್ರಗಳಲ್ಲಿ ಕಾಣಬಹುದು. ಅದೇ ಚಳವಳಿಯ ವಿದ್ಯಾರ್ಥಿಗಳು ಕೆಲವರು ಹಳ್ಳಿಯ ಗೇಣಿದಾರರ ನಡುವೆ ಕೆಲಸಕ್ಕೆ ಹೋದಾಗ ಅದನ್ನು ಬಿಟ್ಟು ರೈತರ ಒರಟು ಡೆನಿಮ್ ತೊಟ್ಟರು. ಎರಡೂ ಸರಿಯೇ. ಕೊಲಂಬಿಯಾದಲ್ಲಿ 1913ರಿಂದ 1916ರವರೆಗೆ ಓದಿ ಬಂದ ಡಾ. ಅಂಬೇಡ್ಕರರನ್ನು ನಮ್ಮ ಊರೂರಿನ ಪ್ರತಿಮೆಗಳು ಸೂಟು ಟೈಯಲ್ಲಿಯೇ ನಿಲ್ಲಿಸಿರುವುದು ಏಕೆಂದು ನಾವು ಅಲ್ಲಿ ಕುಳಿತು ಯೋಚಿಸಿದೆವು. ಹೊಲದಲ್ಲಿ ಅಣ್ಣನಿಗೆ ಆ ಮಾತನ್ನಾಡುವಾಗ ಇದು ಯಾವುದೂ ನಮಗೆ ತಿಳಿದಿರಲಿಲ್ಲ. ತಿಳಿಯದಿದ್ದುದು ಅಪರಾಧವಲ್ಲ, ಕೇಳದೆ ಆಡಿದೆವಲ್ಲ, ಅದು.

ಅತ್ತಿಗೆಯವರು ಒಂದು ಸಂಜೆ ಹೇಳಿದರು. ಅಣ್ಣ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಶನಿವಾರ ಟೈ ಇಲ್ಲದೆ ಕಚೇರಿಗೆ ಹೋದನಂತೆ. ಬಾಗಿಲ ಕಾವಲುಗಾರ ತಡೆದು, ಸಾಮಾನು ತಂದವರು ಹಿಂಬಾಗಿಲಿಗೆ ಹೋಗಬೇಕು ಎಂದನಂತೆ. ಅಣ್ಣ ಇದನ್ನು ನಗುತ್ತಲೇ ಹೇಳುತ್ತಿದ್ದನಂತೆ, ಆದರೆ ಅಂದಿನಿಂದ ನಿವೃತ್ತಿಯ ದಿನದವರೆಗೆ ಟೈ ಇಲ್ಲದೆ ಹೊಸ್ತಿಲು ದಾಟಲಿಲ್ಲ. ಸಂಬಳ ಚಿಕ್ಕದು, ಹೊಸ ಟೈ ಕೊಳ್ಳುವುದಕ್ಕೆ ಆಗುತ್ತಿರಲಿಲ್ಲ. ಆದ್ದರಿಂದ ದಾನದ ಬಟ್ಟೆ ಮಾರುವ ಗುಡ್‌ವಿಲ್ ಅಂಗಡಿಗಳಿಗೆ ಹೋಗತೊಡಗಿದ. 1902ರಲ್ಲಿ ಬಾಸ್ಟನ್ನಿನಲ್ಲಿ ಎಡ್ಗರ್ ಹೆಲ್ಮ್ಸ್ ಎಂಬ ಪಾದ್ರಿ ಇದನ್ನು ಆರಂಭಿಸಿದವನು. ಉಳ್ಳವರ ಮನೆಯ ಹಳೆಯ ಬಟ್ಟೆಗಳನ್ನು ಕೂಡಿಸಿ ತರುವುದು, ಇಲ್ಲದವರಿಗೆ ಅದನ್ನು ರಿಪೇರಿ ಮಾಡುವ ಕೆಲಸ ಕೊಟ್ಟು ಕೂಲಿ ಕೊಡುವುದು, ಇದು ಅವನ ಕ್ರಮ. ಭಿಕ್ಷೆಯನ್ನು ಕಾಯಕವಾಗಿಸಿದ ಈ ಪಾದ್ರಿಯ ಕುರಿತು ಇನ್ನೊಮ್ಮೆ ಬರೆಯುವ ಮನಸ್ಸಿದೆ. ಅಲ್ಲಿ ಕೆಲವೇ ಸೆಂಟಿಗೆ ಕೊಂಡ ಟೈಗಳಿಂದ ಅಣ್ಣನ ಸಂಗ್ರಹ ಬೆಳೆಯಿತು. ಆಮೇಲೆ ಯಜಮಾನ ತೀರಿದ ಮನೆಗಳಲ್ಲಿ ಸಾಮಾನುಗಳನ್ನೆಲ್ಲ ಹರವಿಟ್ಟು ಮಾರುವ ಎಸ್ಟೇಟ್ ಸೇಲ್‌ಗಳಿಗೆ ಹೋದ. ಯಾವ ಮನೆ, ಆತ ಏನು ಕೆಲಸದಲ್ಲಿದ್ದ ಎಂಬುದನ್ನು ಸಾಧ್ಯವಾದಲ್ಲೆಲ್ಲ ಬರೆದುಕೊಂಡ. ಯುದ್ಧಕಾಲದಲ್ಲಿ ಜಪಾನಿನ ರೇಶಿಮೆ ಬರದಾಗ ರೇಯಾನಿನಿಂದ ಮಾಡಿದ, ಕೈಯಿಂದ ತಾಳೆಮರದ ಚಿತ್ರ ಬರೆದ ಟೈಯೊಂದರ ಎದುರು "ಅಂಚೆಯವನು, ನಾಲ್ಕು ಮಕ್ಕಳು, ಒಬ್ಬರೂ ಇದನ್ನು ಕೇಳಲಿಲ್ಲ" ಎಂದು ಬರೆದಿತ್ತು. ಅದನ್ನು ಓದಿದಾಗ ಅಣ್ಣನ ಮಗ ಎದ್ದು ಕಿಟಕಿಯ ಬಳಿಗೆ ಹೋದ.

ಈ ಹುಡುಗ, ಹುಡುಗನೇನು, ನಲವತ್ತು ದಾಟಿದವನು, ಕಂಪ್ಯೂಟರ್ ಕೆಲಸದವನು. ಅವನ ಕಚೇರಿಯಲ್ಲಿ ಯಾರೂ ಟೈ ಕಟ್ಟುವುದಿಲ್ಲ. "ಕಾಕಾ, ಇವನ್ನಿಟ್ಟುಕೊಂಡು ನಾನೇನು ಮಾಡಲಿ? ಬಿಸಾಡಲೂ ಮನಸ್ಸಿಲ್ಲ" ಎಂದ. ಅವನ ಸಂಕಟ ನಮಗೆ ಅರ್ಥವಾಗುತ್ತದೆ. ನಮ್ಮ ಓಲೆಗರಿಗಳನ್ನು ನಮ್ಮ ಮಕ್ಕಳು ಏನು ಮಾಡುವರೋ ನಮಗೂ ಗೊತ್ತಿಲ್ಲ. ಮೂವರೂ ಕುಳಿತು ತೀರ್ಮಾನಿಸಿದೆವು. ಎರಡು ನೂರಕ್ಕೂ ಹೆಚ್ಚನ್ನು ಬಂದಲ್ಲಿಗೇ, ಅಂದರೆ ಗುಡ್‌ವಿಲ್ಲಿಗೇ, ಮರಳಿಸುವುದು. ಬೆಲೆಯುಳ್ಳ ನಲವತ್ತನ್ನು ಹಳೆಯ ಉಡುಪಿನ ವ್ಯಾಪಾರಿಗೆ ಕೊಟ್ಟು ಬಂದ ಹಣವನ್ನು ನಮ್ಮೂರ ಶಾಲೆಗೆ ಕಳಿಸುವುದು. ಪಟ್ಟೆಯವುಗಳಲ್ಲಿ ತನಗೆ ಬೇಕಾದ ಹದಿನೈದನ್ನು ಮೊಮ್ಮಗಳು ಆರಿಸಿಕೊಂಡಳು. ಸೊಂಟಕ್ಕೆ ಕಟ್ಟಿಕೊಳ್ಳುತ್ತಾಳಂತೆ! ಅಣ್ಣ ಇದ್ದಿದ್ದರೆ ಏನನ್ನುತ್ತಿದ್ದನೋ. ನೋಟುಬುಕ್ಕುಗಳನ್ನು ನಾವು ಕೇಳಿ ಪಡೆದೆವು.

ಎಲ್ಲ ಮುಗಿಯುವ ಹೊತ್ತಿಗೆ ಲೆಕ್ಕದಲ್ಲಿ ಒಂದು ಕಡಿಮೆಯಾಯಿತು. ಕ್ರಮಸಂಖ್ಯೆ ಒಂದು ಸರಳಿನ ಮೇಲೆ ಇರಲಿಲ್ಲ. ನೋಟುಬುಕ್ಕಿನ ಮೊದಲ ಪುಟವನ್ನು ತೆಗೆದು ನೋಡಿದೆವು. ಉಳಿದೆಲ್ಲವೂ ಇಂಗ್ಲಿಷಿನಲ್ಲಿದ್ದರೆ ಅದೊಂದು ಕನ್ನಡದಲ್ಲಿತ್ತು. "ಹುಬ್ಬಳ್ಳಿ, 1972. ಟೆರಿಲೀನ್. ಬೆಲೆ ಅಪ್ಪ ಹೇಳಲಿಲ್ಲ." ಮೇಜಿನ ಕೆಳಗಿನ ಖಾನೆಯಲ್ಲಿ, ಬಿಳಿಯ ಕರವಸ್ತ್ರದಲ್ಲಿ ಅದು ಸಿಕ್ಕಿತು. ಅಗ್ಗದ ನೀಲಿ ಬಟ್ಟೆ, ಅಂಚು ಸವೆದಿದೆ. ನಮಗೆ ಆಶ್ಚರ್ಯವಾದದ್ದು ಅದಕ್ಕೆ ಗಂಟು ಹಾಕಿದಂತೆಯೇ ಇದ್ದುದು. ಗಂಟನ್ನು ಬಿಚ್ಚದೆ ಇಟ್ಟರೆ ಬಟ್ಟೆ ಕೆಡುತ್ತದೆ, ಪ್ರತಿ ರಾತ್ರಿ ಬಿಚ್ಚಿ ತೂಗುಹಾಕಬೇಕೆಂಬುದು ಎರಡು ತಿಂಗಳಲ್ಲಿ ನಾವು ಕಲಿತ ಮೊದಲ ಪಾಠ. ಕಲಿತದ್ದನ್ನು ತೋರಿಸಲು ಹೋಗಿ ಗಂಟಿಗೆ ಬೆರಳು ಹಾಕಿದೆವು.

"ಬಿಚ್ಚಬ್ಯಾಡ್ರಿ," ಎಂದರು ಅತ್ತಿಗೆ. "ಆ ಗಂಟು ಮಾವನವ್ರು ಹಾಕಿದ್ದು."

ಹೊರಡುವ ಮುನ್ನ ಅಣ್ಣನಿಗೆ ಟೈ ಬೇಕೆಂದು ಯಾರೋ ಹೇಳಿದರಂತೆ. ತಂದೆಯವರು ಹುಬ್ಬಳ್ಳಿಗೆ ಹೋಗಿ ಒಂದನ್ನು ತಂದು, ಮಿಷನ್ ಶಾಲೆಯ ಮಾಸ್ತರರೊಬ್ಬರ ಬಳಿ ಎರಡು ದಿನ ಕುಳಿತು ಗಂಟು ಹಾಕುವುದನ್ನು ಕಲಿತು, ತಮ್ಮ ಕೊರಳಿಗೆ ಕಟ್ಟಿಕೊಂಡು ಅಳತೆ ಸರಿಮಾಡಿ, ತಲೆಯ ಮೇಲಿನಿಂದ ತೆಗೆದು ಅಣ್ಣನಿಗೆ ತೊಡಿಸಿದರಂತೆ. ಬಿಚ್ಚಬೇಡ, ಮತ್ತೆ ಕಟ್ಟಲು ನಿನಗೆ ಬರುವುದಿಲ್ಲ, ಸಡಿಲಿಸಿ ತೆಗೆ, ಸಡಿಲಿಸಿ ಹಾಕು ಎಂದರಂತೆ. ಅಣ್ಣ ಮುನ್ನೂರು ಟೈಗಳಿಗೆ ಗಂಟು ಹಾಕಲು ಕಲಿತ, ಇದನ್ನು ಮಾತ್ರ ಬಿಚ್ಚಲಿಲ್ಲ. 1981ರಲ್ಲಿ ತಂತಿ ಬಂದ ರಾತ್ರಿ ಇದನ್ನೇ ಹುಡುಕಿ ತೆಗೆದು ತೊಟ್ಟುಕೊಂಡು ವಿಮಾನ ಹತ್ತಿದ.

ನಾವು ಹೊಲದಲ್ಲಿ ಆಡಿದ ಮಾತು ಅತ್ತಿಗೆಯವರಿಗೆ ಗೊತ್ತಿತ್ತೇ ಎಂದು ಕೇಳುವ ಧೈರ್ಯ ನಮಗಾಗಲಿಲ್ಲ. ಅವರೇ ಹೇಳಿದರು: "ನಿಮ್ಮಣ್ಣ ಊರಿಂದ ಬಂದು ಒಂದ ಮಾತ ಅಂದ್ರು. ಅಂವ ಸಣ್ಣಾಂವ, ಅಂವಗ ಗೊತ್ತಿರಲಿಲ್ಲ ಅಂತ."

ಮರುದಿನ ಬೆಳಿಗ್ಗೆ ಆ ಟೈಯನ್ನು ಕರವಸ್ತ್ರದಲ್ಲಿ ಮೊದಲಿನಂತೆಯೇ ಸುತ್ತಿ ಅಣ್ಣನ ಮಗನ ಕೈಗೆ ಕೊಟ್ಟೆವು. ಅವನು ಈಚೆಗೆ ಪೋನು ಮಾಡಿದ್ದ. ಮುಂದಿನ ದೀಪಾವಳಿಗೆ ಊರಿಗೆ ಬರುವವನಿದ್ದಾನೆ, ಅಜ್ಜನ ಸಮಾಧಿಗೆ ಹೋಗಬೇಕೆಂದಿದ್ದಾನೆ. "ಕಾಕಾ, ಅದನ್ನು ಹಾಕಿಕೊಂಡು ಬರಲೇ? ಹೊಲದಲ್ಲಿ ಯಾರಾದರೂ ಏನಾದರೂ ಅಂದಾರೇ?" ಎಂದು ಕೇಳಿದ. ಹಾಕಿಕೊಂಡೇ ಬಾ, ಬಸ್ ಸ್ಟ್ಯಾಂಡಿಗೆ ನಾವು ಬಂದು ನಿಂತಿರುತ್ತೇವೆ ಎಂದೆವು.